ಭಾನುವಾರ ಎಷ್ಟು ಗಂಟೆಗೆ ಶುರುವಾಗುತ್ತೆ?

ದಿನ ಎಷ್ಟು ಗಂಟೆಗೆ ಶುರುವಾಗುತ್ತೆ, ಹೇಳಿ ನೋಡೋಣ?

ತಮಾಷೆಗಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಯಾವ ಸ್ವಾಮಿಗಳ ಪ್ರವಚನದಿಂದಲೂ ಅಲ್ಲ. ಕುರ್ಲಾದ ನಮ್ಮ ಬಿಸ್ಕತ್ತು ಕಾರ್ಖಾನೆಗೆ ಹೊಸದಾಗಿ ಬಂದಿರುವ ಕಂಪ್ಯೂಟರಿನಿಂದ.

ನಾನು ಅಲ್ಲಿ ಟೈಮ್ ಆಫೀಸಿನಲ್ಲಿರುವುದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರಿಗೆ: ಯಾರು ಯಾವ ಪಾಳಿಗೆ ಬರಬೇಕು, ಯಾರಿಗೆ ಯಾವತ್ತು ರಜೆ ಅಂತ ಬರೆದು ಗೋಡೆಗೆ ಅಂಟಿಸಿ, ವಾರವಿಡೀ ಎಲ್ಲರಿಂದ ಬೈಸಿಕೊಳ್ಳುವ ಕೆಲಸ.) ಇಷ್ಟು ದಿನ ಆ ಡ್ಯೂಟಿ ಚಾರ್ಟನ್ನು ಕೈಯಲ್ಲೇ ಬರೆಯುತ್ತಿದ್ದೆ. ಇನ್ನು ಮೇಲೆ ಕಂಪ್ಯೂಟರ್ ಬರೆಯುತ್ತದಂತೆ. ಅದಕ್ಕೊಂದು ಏಸಿ ರೂಮು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಧೂಳು ಅದಕ್ಕೆ ಆಗಿಬರೋಲ್ಲವಂತೆ. ನಮ್ಮ ಮ್ಯಾನೇಜರ್ ಸಾಹೇಬರು ಮೊದಲ ದಿನ ಅದರ ಮುಂದೆ ನಿಂತಿದ್ದ ಭಂಗಿ ನೋಡಬೇಕಿತ್ತು ನೀವು. ಮಂಗಳಾರತಿ ತಟ್ಟೆಯೊಂದು ಬಾಕಿ!

ಸಾಫ್ಟ್‌ವೇರ್ ಹಾಕುವುದಕ್ಕೆ ಫೋರ್ಟ್ ಕಡೆಯ ಕಂಪನಿಯಿಂದ ಒಬ್ಬ ಎಂಜಿನಿಯರ್ ಟೈ ಕಟ್ಟಿಕೊಂಡು ಬಂದಿದ್ದ. ಎಷ್ಟು ಪಾಳಿ, ವಾರದ ರಜೆ ಯಾವತ್ತು ಅಂತ ಒಂದೊಂದೇ ಪ್ರಶ್ನೆ ಪರದೆಯ ಮೇಲೆ ಬರುತ್ತಿತ್ತು. ನಾನು ಹೇಳುತ್ತಿದ್ದೆ, ಅವನು ಕುಟ್ಟುತ್ತಿದ್ದ. ಕೊನೆಗೆ ಬಂತು ನೋಡಿ: ದಿನ ಶುರುವಾಗುವುದು ಎಷ್ಟು ಗಂಟೆಗೆ? ಪಕ್ಕದ ಖಾನೆಯಲ್ಲಿ ಉತ್ತರವನ್ನೂ ಅದೇ ಬರೆದುಕೊಂಡಿತ್ತು, ರಾತ್ರಿ ಹನ್ನೆರಡು ಅಂತ. ಬೇಡವಾದರೆ ಬದಲಾಯಿಸಬಹುದು. ನಾನು ಬಾಯಿ ತೆರೆಯುವಷ್ಟರಲ್ಲಿ ಮಹಾರಾಯ ಎಂಟರ್ ಒತ್ತಿಯಾಗಿತ್ತು. ಎಲ್ಲಾ ಕಡೆ ಹೀಗೇ ಮೇಡಂ, ಅಂದ. ಇರಬಹುದು ಅಂದುಕೊಂಡೆ. ತಾರೀಕು ಬದಲಾಗುವುದು ಆ ಹೊತ್ತಿಗೇ ತಾನೆ?

ಗುರುವಾರ ಸಂಜೆ ಹೊಸ ಚಾರ್ಟು ಪ್ರಿಂಟರಿನಿಂದ ಕಿರುಗುಟ್ಟುತ್ತಾ ಹೊರಬಂತು. ಗೋಡೆಗೆ ಅಂಟಿಸಿ ಮನೆಗೆ ಹೋದೆ. ಶುಕ್ರವಾರ ಬೆಳಿಗ್ಗೆ ಬಂದರೆ ನನ್ನ ಬಾಗಿಲ ಮುಂದೆ ಗುಂಪು. ಮೂರನೇ ಪಾಳಿಯವರು. ರಾತ್ರಿ ಹನ್ನೊಂದಕ್ಕೆ ಬಂದು ಬೆಳಿಗ್ಗೆ ಏಳಕ್ಕೆ ಮನೆಗೆ ಹೋಗುವ ಜನ, ಕೆಂಗಣ್ಣು ಬಿಟ್ಟುಕೊಂಡು ನನಗಾಗಿ ಕಾದು ನಿಂತಿದ್ದಾರೆ!

ಆಗಿದ್ದಿಷ್ಟು. ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿಯ ಪ್ರಕಾರ ಶನಿವಾರ ರಾತ್ರಿಯ ಪಾಳಿ ಶನಿವಾರದ್ದೇ. ಭಾನುವಾರ ಬೆಳಿಗ್ಗೆ ಮುಗಿಸಿ ಹೋದರೆ ಮತ್ತೆ ಬರುವುದು ಸೋಮವಾರ ರಾತ್ರಿ. ಕಂಪ್ಯೂಟರಿಗೆ ಈ ಲೆಕ್ಕ ಹಿಡಿಸಲಿಲ್ಲ. ಹನ್ನೆರಡು ಹೊಡೆದ ಮೇಲೆ ಭಾನುವಾರ, ಭಾನುವಾರ ರಜೆ, ರಜೆಯ ದಿನ ಕೆಲಸವೆಲ್ಲಿಯದು? ಶನಿವಾರ ರಾತ್ರಿಯ ಪಾಳಿಯನ್ನೇ ಎತ್ತಿಬಿಟ್ಟಿತ್ತು. ಅದರ ಬದಲು ಭಾನುವಾರ ರಾತ್ರಿಯೇ ಬನ್ನಿ ಅಂದಿತ್ತು. (ಆ ಪಾಳಿಯ ಮೊದಲ ಗಂಟೆ ಭಾನುವಾರದ್ದಲ್ಲವೇ ಅಂತ ಎಂಜಿನಿಯರನ್ನು ಫೋನಿನಲ್ಲಿ ಕೇಳಿದೆ. ಹೆಚ್ಚು ಪಾಲು ಸೋಮವಾರದ್ದು, ಆದ್ದರಿಂದ ಅದು ಸೋಮವಾರ ಅಂದ. ಎಂಥಾ ನ್ಯಾಯ!)

ಎಲ್ಲರಿಗಿಂತ ಜೋರಾಗಿದ್ದವರು ಪ್ಯಾಕಿಂಗಿನ ಉಸ್ಮಾನ್‌ಭಾಯಿ. ಬ್ಯಾಂಕು, ರೇಷನ್ ಆಫೀಸು, ಮಕ್ಕಳ ಸ್ಕೂಲು ಎಲ್ಲಾ ತೆರೆದಿರುವುದು ಸೋಮವಾರ, ನಿದ್ದೆಗೆಡದೆ ತಾವು ಓಡಾಡಲು ಸಿಗುವುದು ಅದೊಂದೇ ದಿನ, ಅದನ್ನೂ ಕಿತ್ತುಕೊಂಡರೆ ಹೇಗೆ ಅಂತ ಹಿಂದಿಯಲ್ಲಿ ನನ್ನ ಜನ್ಮ ಜಾಲಾಡಿದರು. ಸಾಹೇಬರಿಗೆ ಗಲಾಟೆ ಅಂದರೆ ಆಗದು. ದಿನ ಬೆಳಿಗ್ಗೆ ಏಳಕ್ಕೆ ಶುರು ಅಂತ ಬದಲಾಯಿಸಿ, ಎಲ್ಲಾ ಹಳೆಯ ಹಾಗೇ ಆಗುತ್ತೆ ಅಂದರು. ಆದರೆ ಬದಲಾಯಿಸುವ ವಿದ್ಯೆ ಗೊತ್ತಿರುವುದು ಟೈ ಕಟ್ಟಿದವನಿಗೆ, ಅವನಿಗೆ ಪುರಸೊತ್ತಿರುವುದು ಮಂಗಳವಾರ. ಹಾಗಾಗಿ ಆ ಒಂದು ವಾರ ಕಂಪ್ಯೂಟರ್ ಹೇಳಿದ್ದೇ ನಡೆಯಿತು.

ನನಗೋ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಸಿಕ್ಕವರನ್ನೆಲ್ಲ ಕೇಳತೊಡಗಿದೆ.

ನಮ್ಮತ್ತೆಗೆ ಅನುಮಾನವೇ ಇಲ್ಲ. ಸೂರ್ಯ ಹುಟ್ಟದೆ ಅದೆಂಥಾ ದಿನವೇ ಅಂದರು. ಅವರ ಮಗ, ಅಂದರೆ ನಮ್ಮನೆಯವರು, ಹುಟ್ಟಿದ್ದು ಬೆಳಗಿನ ಜಾವಕ್ಕೂ ಮುಂಚೆ. ಜಾತಕದಲ್ಲಿ ಬುಧವಾರ, ಮುನಿಸಿಪಾಲಿಟಿ ಕಾಗದದಲ್ಲಿ ಗುರುವಾರ. (ಯಾವುದನ್ನೂ ಒಂದೇ ಸಲಕ್ಕೆ ತೀರ್ಮಾನ ಮಾಡಲಾಗದ ಅವರ ಸ್ವಭಾವದ ಮೂಲ ನನಗೆ ಈಗ ತಿಳಿಯಿತು.) ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯ ಶೆಣೈ ಮಾಮಿಯನ್ನು ಕೇಳಿದರೆ ನಲ್ಲಿ ಬುಸುಗುಟ್ಟಿದಾಗ ದಿನ ಶುರು, ನೀರು ನಿಂತಾಗ ಅರ್ಧ ದಿನ ಮುಗಿಯಿತು ಅಂದರು. ಕೋಪ ಇಳಿದಿದ್ದ ಉಸ್ಮಾನ್‌ಭಾಯಿಯನ್ನೂ ಕೇಳಿದೆ. ಗುರುವಾರ ಸೂರ್ಯ ಮುಳುಗಿದರೆ ಅವರಿಗೆ ಶುಕ್ರವಾರ ಬಂದೇಬಿಟ್ಟಿತಂತೆ.

ಅಲ್ಲಾ, ಒಂದೇ ಊರು, ಒಂದೇ ಲೋಕಲ್ ರೈಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತೇವೆ. ಒಬ್ಬೊಬ್ಬರದು ಒಂದೊಂದು ದಿನ ನಡೆಯುತ್ತಿರುತ್ತದೆ ಅಂದರೆ ಸೋಜಿಗವಲ್ಲವೇ? ನಮ್ಮನೆಯವರು ಒಮ್ಮೆ ವಿ.ಟಿ. ಸ್ಟೇಷನ್ನಿನಿಂದ ಕೊನೆಯ ಲೋಕಲ್ಲಿನಲ್ಲಿ ಬರುವಾಗ ನಡುದಾರಿಯಲ್ಲೇ ಹನ್ನೆರಡು ಹೊಡೆದು, ಪಾಸಿನ ಅವಧಿ ಮುಗಿದುಹೋಗಿತ್ತಂತೆ. ನಾನು ಹತ್ತಿದ್ದು ನಿನ್ನೆ ಅಂತ ಇವರು, ಇಳಿಯುವುದು ಇವತ್ತು ಅಂತ ಟಿ.ಸಿ. ವಡಾಲ ಬರುವವರೆಗೂ ವಾದ ನಡೆದು ಕೊನೆಗೆ ಆತನೇ ಸಾಕಾಗಿ ಬಿಟ್ಟನಂತೆ.

ಇಂಥದ್ದನ್ನೆಲ್ಲ ಕಲೆಹಾಕಿಕೊಂಡು ಖುಷಿಯಾಗಿದ್ದೆ. ಮಂಗಳವಾರ ಬೆಳಿಗ್ಗೆ ಬಾಯ್ಲರಿನ ಈರಪ್ಪನವರು ಬಂದು ನಿಂತರು.

ಈರಪ್ಪ ಬಿಜಾಪುರದ ಕಡೆಯವರು. ನಾನು ಈ ಕಾರ್ಖಾನೆಗೆ ಸೇರುವ ಮೊದಲಿಂದಲೂ ರಾತ್ರಿ ಪಾಳಿಯಲ್ಲೇ ಇದ್ದಾರೆ. ಮಾತು ಕಡಿಮೆ. ಗುಂಪು ಕಟ್ಟಿಕೊಂಡು ಬಂದ ದಿನವೂ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಾಗಿದೆ. ಈಗ ಗಂಡ ಹೆಂಡತಿ ಇಬ್ಬರೇ, ಇಲ್ಲೇ ಕುರ್ಲಾದ ಚಾಳಿನಲ್ಲಿ ಒಂದೇ ಕೋಣೆಯ ಖೋಲಿ. ಹೆಂಡತಿ ಗಂಗವ್ವ ಪ್ಲಾಸ್ಟಿಕ್ ಡಬ್ಬಿ ಮಾಡುವ ಕಡೆ ಹಗಲು ಕೆಲಸಕ್ಕೆ ಹೋಗುತ್ತಾರೆ. ಆಕೆ ದಣಿದು ಬಂದು ಅಡಿಗೆ ಮಾಡಿ ಬಡಿಸುವಷ್ಟರಲ್ಲಿ ಇವರು ಡ್ಯೂಟಿಗೆ ಹೊರಡುವ ಹೊತ್ತು. ಆಕೆಗೂ ರಜೆ ಭಾನುವಾರ. ಆದರೆ ಭಾನುವಾರ ಬೆಳಿಗ್ಗೆ ಇವರು ಬಾಯ್ಲರಿನ ಮುಂದೆ ಬೆಂದು ಬಂದು ಬಿದ್ದುಕೊಂಡರೆ ಸಂಜೆಯವರೆಗೆ ಹೆಣ.

ಎಂಜಿನಿಯರ್ ಇವತ್ತು ಬರುತ್ತಾನೇನು ಅಂತ ಕೇಳಿದರು. ಬರುತ್ತಾನೆ, ನಿಮ್ಮ ಹಳೆಯ ರಜೆ ನಿಮಗೆ ವಾಪಸ್ಸು ಅಂದೆ, ದೊಡ್ಡ ಉಪಕಾರ ಮಾಡುವವಳ ಹಾಗೆ. ಈರಪ್ಪ ತಲೆ ತಗ್ಗಿಸಿದರು.

"ಅಕ್ಕಾರ, ಅದು ಹೆಂಗ ಐತಿ ಹಂಗ ಇರಲಿ ಬಿಡ್ರಿ. ಐತವಾರ ನಾ ಮಲಗಿರತೀನಿ ಅಂತ ಆಕಿ ಎಷ್ಟೋ ವರ್ಷದಿಂದ ರೊಟ್ಟಿನ ಬಡದಿಲ್ರಿ. ಸಪ್ಪಳಕ್ಕ ನನಗ ಎಚ್ಚರ ಆಗ್ತೈತಿ ಅಂತ. ಶನಿವಾರದ ತಂಗಳ ರೊಟ್ಟಿ ತಗೊಂಡು ಬಾಗಲ ಹೊರಗ ಕೂತು ತಿಂತಾಳ. ಮೊನ್ನೆ ಐತವಾರ ನಾ ಎದ್ದಿದ್ನಲ್ರಿ, ಬಿಸಿ ರೊಟ್ಟಿ ಬಡದು ಹಾಕಿದ್ಲು. ಇಬ್ಬರೂ ಕೂಡಿ ಉಂಡ್ವಿ."

ವಾರವಾರವೂ ನನ್ನ ಕೈಯಿಂದಲೇ ಇವರ ರಜೆ ಬರೆದಿದ್ದೇನೆ. ಆ ರಜೆಯ ದಿನ ಒಬ್ಬ ಹೆಂಗಸು ತನ್ನ ಮನೆಯ ಹೊರಗೆ ಕೂತು ಸದ್ದಿಲ್ಲದೆ ಉಣ್ಣುತ್ತಾಳೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಆದರೆ ಇಡೀ ಕಾರ್ಖಾನೆಗೆ ಇರುವುದು ಒಂದೇ ಖಾನೆ. ಈರಪ್ಪನಿಗೆ ಹನ್ನೆರಡು, ಉಸ್ಮಾನ್‌ಭಾಯಿಗೆ ಏಳು ಅಂತ ಬರೆಯಲು ಬರೋಲ್ಲ. ಉಳಿದವರನ್ನು ನೀವೇ ಒಪ್ಪಿಸಿ ಅಂದೆ. ಈರಪ್ಪ ಕೆಂಪಗಾದರು. ಏನಂತ ಹೇಳಲಿ, ನಗುತ್ತಾರೆ ಅಂದರು. ಹೆಂಡತಿಯ ಜೊತೆ ಕೂತು ಉಣ್ಣಬೇಕು ಅಂತ ಗಂಡಸೊಬ್ಬ ಇನ್ನೊಬ್ಬ ಗಂಡಸಿಗೆ ಹೇಳುವುದು ಅಷ್ಟು ಕಷ್ಟವೇ? ಕಷ್ಟವೇ ಅಂತ ಕಾಣುತ್ತೆ.

ಅವರ ಒಪ್ಪಿಗೆ ಕೇಳಿ ನಾನೇ ಉಸ್ಮಾನ್‌ಭಾಯಿಗೆ ಹೇಳಿದೆ. ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದರು. ನಗಲಿಲ್ಲ. ಗ್ಲಾಸು ಕೆಳಗಿಟ್ಟರು. ಆಮೇಲೆ, ತಮ್ಮ ಚಿಕ್ಕ ಮಗಳೂ ಮೊನ್ನೆ ಭಾನುವಾರ ಇಡೀ ದಿನ ಹೆಗಲಿಂದ ಇಳಿದಿರಲಿಲ್ಲ, ಯಾಕಿರಬಹುದು ಅಂತ ತಾವು ಯೋಚಿಸಿಯೇ ಇರಲಿಲ್ಲ ಅಂದರು. ಬ್ಯಾಂಕಿಗೆ ಯಾವತ್ತಾದರೂ ನಿದ್ದೆಗೆಟ್ಟು ಹೋದರಾಯಿತು. ಉಳಿದವರ ಜವಾಬ್ದಾರಿ ತಮ್ಮದು ಅಂತ ಮನೆಗೆ ಹೊರಟಿದ್ದವರನ್ನೆಲ್ಲ ಅಲ್ಲೇ ನಿಲ್ಲಿಸಿದರು. ಒಬ್ಬಿಬ್ಬರು ಗೊಣಗಿದರು, ಈರಪ್ಪನ ಬೆನ್ನಿಗೆ ಒಂದು ಗುದ್ದೂ ಬಿತ್ತು. ಅಂತೂ ಒಪ್ಪಿದರು.

ಇನ್ನು ಬಾಕಿ ಸಾಹೇಬರೊಬ್ಬರೇ. ಅವರ ಮುಂದೆ ಹೇಳಲು ನಾನು ದೊಡ್ಡ ಭಾಷಣವನ್ನೇ ಕಟ್ಟಿಕೊಂಡು ಹೋಗಿದ್ದೆ. ರಾತ್ರಿ ಪಾಳಿಯವರ ನಿದ್ದೆ, ಸಂಸಾರ, ಮನುಷ್ಯತ್ವ, ಎಲ್ಲಾ ಇತ್ತು ಅದರಲ್ಲಿ. ಅವರು ಫೈಲಿನಿಂದ ತಲೆ ಎತ್ತದೆ ಒಂದೇ ಮಾತು ಕೇಳಿದರು.

"ಕಂಪ್ಯೂಟರ್ ಏನು ಹೇಳುತ್ತೆ?"

ಹನ್ನೆರಡು ಅನ್ನುತ್ತೆ ಸಾರ್, ಅಂದೆ. ಹಾಗಿದ್ದ ಮೇಲೆ ಅದರ ಉಸಾಬರಿಗೆ ನಾವ್ಯಾಕೆ ಹೋಗಬೇಕು, ಅದೇ ಇರಲಿ ಅಂದರು. ಮುಗಿಯಿತು! ನನ್ನ ಭಾಷಣ ಗಂಟಲಲ್ಲೇ ಉಳಿಯಿತು. ಎಂಜಿನಿಯರ್ ಬಂದವನು ಚಹಾ ಕುಡಿದು ವಾಪಸ್ಸು ಹೋದ.

ಎಲ್ಲಾ ಸರಿಹೋಯಿತು, ನನಗೂ ಸಂತೋಷವೇ. ಆದರೆ ಒಂದು ಯೋಚನೆ ಮಾತ್ರ ಕೊರೆಯುತ್ತಲೇ ಇದೆ: ಇದೇ ಭಾನುವಾರವನ್ನು ಈರಪ್ಪ ಕಳೆದ ವರ್ಷ ಬಾಯಿಬಿಟ್ಟು ಕೇಳಿದ್ದರೆ, ನಾವು ಕೊಡುತ್ತಿದ್ದೆವಾ?