ಹಳೆಯ ವಾಚುಗಳ ಮುಖ ಓದುವ ಕಂಕುಬೆನ್

ಭಾನುವಾರ, ಬೆಳಗಿನ ಆರು ಗಂಟೆ. ಅಹಮದಾಬಾದಿನ ಸಾಬರಮತಿಯ ದಂಡೆಯ ರವಿವಾರಿ ಸಂತೆಯಲ್ಲಿ ಎದುರು ಬಂದವರ ಮುಖ ಇನ್ನೂ ಸರಿಯಾಗಿ ಕಾಣುವುದಿಲ್ಲ. ಹಳೆಯ ಮಂಚಗಳು, ಹೊಲಿಗೆ ಯಂತ್ರಗಳು, ಹಿತ್ತಾಳೆ ಹಂಡೆಗಳು ಕೈಗಾಡಿಗಳಿಂದ ಇಳಿಯುತ್ತಿವೆ. ಬೇವಿನ ಮರದ ಕೆಳಗೆ ಮಣೆ ಹಾಕಿಕೊಂಡು ಕುಳಿತ ಕಂಕುಬೆನ್ ಪಂಚಾಲ್ ಒಂದು ಕೈಗಡಿಯಾರವನ್ನು ಕಿವಿಗೆ ಒತ್ತಿ ಹಿಡಿದಿದ್ದಾರೆ. ಕಣ್ಣು ಮುಚ್ಚಿದೆ. ಕೊಳ್ಳಲು ಬಂದವನು ಅವಸರಪಟ್ಟು ಮೊಬೈಲಿನ ಬೆಳಕು ಬಿಟ್ಟರೆ ಕೈಯಿಂದ ತಳ್ಳುತ್ತಾರೆ.

"ಆರಿಸಪ್ಪ ಅದನ್ನ. ಸೂರ್ಯ ಹುಟ್ಟೋ ತನಕ ಕಿವಿ ಕೆಲಸ, ಆಮೇಲೆ ಕಣ್ಣಿನ ಕೆಲಸ. ಬ್ಯಾಟರಿ ಬೆಳಕಲ್ಲಿ ಎಲ್ಲಾ ವಾಚೂ ಮದುಮಗಳೇ."

ಕಂಕುಬೆನ್‌ಗೆ ಈಗ ಅರವತ್ತಾರು. ವಾಚು ಮಾರುವುದಿಲ್ಲ, ಕೊಳ್ಳುವುದೂ ಇಲ್ಲ, ರಿಪೇರಿಯೂ ಇಲ್ಲ. ಹಳೆಯ ವಾಚು ಕೊಳ್ಳುವವರು ಹಣ ಎಣಿಸುವ ಮೊದಲು ಇವರ ಮುಂದೆ ಕೂರುತ್ತಾರೆ. ಯಾವುದು ಕಂಪನಿಯಿಂದ ಬಂದಾಗ ಇದ್ದದ್ದು, ಯಾವುದು ನಡುವೆ ಸೇರಿದ್ದು, ಎಷ್ಟಕ್ಕೆ ಬಾಳುತ್ತದೆ ಎಂದು ಹೇಳಿ ಐವತ್ತು ರೂಪಾಯಿ ತೆಗೆದುಕೊಳ್ಳುತ್ತಾರೆ. ವಾರಕ್ಕೆ ಮೂವತ್ತು, ಕೆಲವು ವಾರ ನಲವತ್ತು ವಾಚು. ಮಾರುವವರಿಂದ ಒಂದು ಅರ್ಧ ಚಹಾ ಕೂಡ ಕುಡಿಯುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಇದೇ ಕ್ರಮ.

ನೋಡುವ ರೀತಿಗೂ ಒಂದು ಕ್ರಮವಿದೆ. ಕಂಪನಿಯ ಹೆಸರನ್ನು ಕೊನೆಗೆ ನೋಡುತ್ತಾರೆ. ಮೊದಲು ಕೀಲಿ ಎರಡು ಸುತ್ತು ತಿರುಗಿಸಿ ಕೇಳುತ್ತಾರೆ. ಬೆಳಕು ಬಂದ ಮೇಲೆ ಹಿಂಬದಿಯ ಮುಚ್ಚಳ ತೆಗೆಯುತ್ತಾರೆ. ರಿಪೇರಿ ಮಾಡಿದವರು ಒಳಗಡೆ ಸೂಜಿಯಿಂದ ಗೀಚಿದ ತಾರೀಖುಗಳಿರುತ್ತವೆ, ಅವನ್ನು ಲೆಕ್ಕ ಹಾಕುತ್ತಾರೆ. ಆಮೇಲೆ ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಡಯಲ್ಲಿಗೆ ಬರುತ್ತಾರೆ. ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯುವ ಹಳೆಯ ಬಣ್ಣ ಹಚ್ಚಿದ್ದರೆ, ವಾಚು ಕೆಟ್ಟು ಅವು ವರ್ಷಗಟ್ಟಲೆ ನಿಂತ ಜಾಗದಲ್ಲಿ ಡಯಲ್ಲಿನ ಮೇಲೆ ಕಂದು ನೆರಳು ಬಿದ್ದಿರಬೇಕು. ಬಿದ್ದಿಲ್ಲವೆಂದರೆ ಅನುಮಾನ.

"ಅಂದ ನೋಡಬಾರದು, ಸವೆತ ನೋಡಬೇಕು," ಎನ್ನುತ್ತಾರೆ. "ಮೈಗೆ ಎಪ್ಪತ್ತು ವರ್ಷ ಆಗಿ ಮುಖಕ್ಕೆ ಮಾತ್ರ ಇಪ್ಪತ್ತು ಅಂದ್ರೆ, ಎಲ್ಲೋ ಯಾರೋ ಬಣ್ಣ ಬಳಿದಿದ್ದಾರೆ ಅಂತಲೇ."

ಈ ಬಣ್ಣ ಬಳಿಯುವವರ ಪೈಕಿ ಅವರೂ ಒಬ್ಬರಾಗಿದ್ದರು. ಓದಿದ್ದು ನಾಲ್ಕನೆಯ ಇಯತ್ತೆ. ಗಂಡ ದುಡಿಯುತ್ತಿದ್ದ ಬಟ್ಟೆ ಗಿರಣಿ ಬಾಗಿಲು ಹಾಕಿದ ವರ್ಷ, ಹಳೆಯ ಊರಿನ ಪೋಳ ಎಂಬ ಇಕ್ಕಟ್ಟು ಓಣಿಯೊಳಗಿನ ಒಂದು ಡಯಲ್ ಕಾರ್ಖಾನೆಗೆ ಸೇರಿದರು. ಓಣಿಯ ಕೊನೆಯಲ್ಲಿ ಮೂರು ಬೆಂಚು, ಒಂದು ಕಿಟಕಿ. ಅಚ್ಚಿಗೆ ಕೂರದ ಡಯಲ್ಲುಗಳನ್ನು ಅಳಿಲಿನ ರೋಮದ ಕುಂಚದಿಂದ ಕೈಯಲ್ಲೇ ಬರೆಯಬೇಕು. ದಿನಕ್ಕೆ ಏಳು ಡಯಲ್ಲು, ಒಂದೊಂದರಲ್ಲಿ ಅರವತ್ತು ನಿಮಿಷದ ಗೆರೆ. ಇಂಗ್ಲಿಷ್ ಅಕ್ಷರ ಓದಲು ಬಾರದು. ರಂಗೋಲಿ ಎಳೆದಂತೆ ನೋಡಿ ನೋಡಿ ಎಳೆದರು. ಗೆರೆ ಎಳೆಯುವಾಗ ಉಸಿರು ಹಿಡಿದು ಹಿಡಿದು ಸಂಜೆಗೆ ಎದೆ ನೋಯುತ್ತಿತ್ತು. ಹೀಗೆ ಇಪ್ಪತ್ತೆರಡು ವರ್ಷ.

"ಆಗ ಮಂದಿ ಕಲೆ ಬಿದ್ದ ಡಯಲ್ ತಂದು ಹೊಸದು ಮಾಡಿಕೊಡಿ ಅಂತ ಕೈ ಮುಗೀತಿದ್ದರು. ನಾವು ಕೊಳೆ ಅಂತ ಉಜ್ಜಿ ತೆಗೆದ್ವಿ. ಈಗ ಅದೇ ಕೊಳೆಗೆ ಬೆಲೆ! ಅದು ಕೊಳೆಯಲ್ಲ, ವಯಸ್ಸು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ."

ಹೊತ್ತು ಏರುತ್ತದೆ. ಪಕ್ಕದಲ್ಲೇ ವಾಚಿನ ಅಂಗಡಿ ಹರಡುವ ಹಾತಿಮ್‌ಭಾಯಿ ಒಬ್ಬ ಗಿರಾಕಿಯನ್ನು ಕರೆತರುತ್ತಾರೆ. ನಡಿಯಾದಿನ ಹಲ್ಲಿನ ಡಾಕ್ಟರ್ ಧೈವತ್ ರಾವಲ್. ಕೈಯಲ್ಲಿ ಸ್ವಿಸ್ ವಾಚು, ಐವತ್ತರ ದಶಕದ್ದು. ಮೂಲ ಡಯಲ್ ಎಂಬ ಮಾತಿನ ಮೇಲೆ ಎಂಬತ್ತು ಸಾವಿರಕ್ಕೆ ಮಾತಾಗಿದೆ. ಹಾತಿಮ್‌ಭಾಯಿ ಅದನ್ನು ಸೂರತ್ತಿನ ಒಂದು ಮನೆಯಿಂದ ಐವತ್ತೈದು ಸಾವಿರಕ್ಕೆ ತಂದವರು. ಮಳೆಗಾಲದಲ್ಲಿ ತಮ್ಮ ತಾಡಪಾಲಿನ ಅರ್ಧವನ್ನು ಕಂಕುಬೆನ್ ತಲೆಯ ಮೇಲೆ ಕಟ್ಟಿಕೊಡುವವರೂ ಅವರೇ.

"ಬೇಗ ಹೂಂ ಅಂದುಬಿಡಿ ಬೆನ್," ಎಂದು ಹಾತಿಮ್‌ಭಾಯಿ ನಗುತ್ತಾರೆ. "ಡಾಕ್ಟರ್ ಸಾಹೇಬರಿಗೆ ಫಾಫಡಾ ತಿಂಡಿ ತಣ್ಣಗಾಗ್ತಿದೆಯಂತೆ."

ಕಂಕುಬೆನ್ ಕೇಳುತ್ತಾರೆ, ತೆರೆಯುತ್ತಾರೆ, ಬಿಸಿಲಿಗೆ ಹಿಡಿಯುತ್ತಾರೆ. ಡಯಲ್ಲಿನ ಬಿಳುಪು ಹದವಾಗಿ ಹಳದಿಗೆ ತಿರುಗಿದೆ. ಅಕ್ಷರ ಮಟ್ಟಸವಾಗಿದೆ. ಮಸೂರ ನಿಧಾನವಾಗಿ ಸುತ್ತು ಬಂದು ಎಂಟರ ಹತ್ತಿರ ನಿಲ್ಲುತ್ತದೆ. ಇಲ್ಲಿ ಸುಮ್ಮನೆ ತಲೆಯಾಡಿಸಿದರೆ ತಪ್ಪು ಹಿಡಿಯುವವರು ಲೋಕದಲ್ಲಿ ಯಾರೂ ಇಲ್ಲ ಎಂಬುದು ಅವರಿಗೆ ಗೊತ್ತು. ತಾಡಪಾಲಿನ ಅರ್ಧವೂ ನೆನಪಿದೆ.

"ಡಯಲ್ ಮೂಲದ್ದಲ್ಲ," ಎನ್ನುತ್ತಾರೆ. "ಮತ್ತೆ ಬರೆದದ್ದು."

ಹಾತಿಮ್‌ಭಾಯಿಯ ನಗು ನಿಲ್ಲುತ್ತದೆ. "ಮುಂಬೈಯಲ್ಲಿ ಇಬ್ಬರು ಉಸ್ತಾದರು ನೋಡಿ ಸೈ ಅಂದಿದ್ದಾರೆ ಬೆನ್! ನಿಮ್ಮ ಕಣ್ಣಿನ ಪೊರೆ ತೆಗೆದವನು ಅರ್ಧ ಬಿಟ್ಟಿದ್ದಾನೆ."

"ಪೊರೆ ತೆಗೆಸಿದ್ದು ಎಡಗಣ್ಣಿಂದು. ನಾನು ನೋಡಿದ್ದು ಬಲಗಣ್ಣಲ್ಲಿ."

"ಹಾಗಾದ್ರೆ ಯಾರು ಬರೆದದ್ದು ಅಂತಲೂ ಹೇಳಿಬಿಡಿ!"

"ನಾನೇ."

ಡಾಕ್ಟರ್ ಮುಂದೆ ಬಾಗುತ್ತಾರೆ. ಕಂಕುಬೆನ್ ಮಸೂರ ಅವರ ಕೈಗಿಡುತ್ತಾರೆ. "ನೋಡು ಮಗನೇ, ಎಂಟು ದಾಟಿ ಎರಡು ಗೆರೆ. ನಲವತ್ತೊಂದು, ನಲವತ್ತೆರಡು. ಕೂದಲಿನಷ್ಟು ವಾಲಿಲ್ವಾ? ನಮ್ಮ ಬೆಂಚಲ್ಲಿ ಡಯಲ್ ಹಿಡಿಯೋ ಚಿಮಟ ಅಲ್ಲೇ ಬರ್ತಿತ್ತು. ಉಳಿದ ಐವತ್ತೆಂಟು ಎಳೆದ ಮೇಲೆ ಚಿಮಟ ಬಿಡಿಸಿ, ಎಡಗೈಲಿ ಹಿಡಿದು ಆ ಎರಡು ಎಳೀತಿದ್ದೆ. ಅದೊಂದು ಕಡೆ ಕೈ ನನ್ನ ಮಾತು ಕೇಳ್ತಿರಲಿಲ್ಲ."

ಡಾಕ್ಟರ್ ನೋಡುತ್ತಾರೆ. ಇನ್ನೊಮ್ಮೆ ನೋಡುತ್ತಾರೆ. "ವಾಲಿದೆಯಮ್ಮ," ಎಂದು ಮೆಲ್ಲಗೆ ಹೇಳುತ್ತಾರೆ. "ಹಾಗಾದ್ರೆ ಎಷ್ಟಕ್ಕೆ ಬಾಳುತ್ತೆ?"

"ಯಂತ್ರ ಇದರದ್ದೇ. ಕೇಸಿಗೆ ಪಾಲಿಷ್ ಮುಟ್ಟಿಲ್ಲ, ಅಂಚು ಇನ್ನೂ ಚೂಪಾಗಿದೆ. ಮೂವತ್ತು ಸಾವಿರ ಕೊಟ್ಟರೆ ಮೋಸ ಇಲ್ಲ. ಮೂವತ್ತೈದು ಕೊಟ್ಟರೆ ಮನೆಗೆ ಹೋಗಿ ಅಳಬೇಡ."

ಹಾತಿಮ್‌ಭಾಯಿ ಕೊಡುವುದಿಲ್ಲ. ಕೊಟ್ಟರೆ ಕೈಯಿಂದ ಇಪ್ಪತ್ತು ಸಾವಿರ ಹೋಗುತ್ತದೆ. ಡಾಕ್ಟರ್ ಐವತ್ತರ ನೋಟು ಇಟ್ಟು ಎದ್ದು ಹೋಗುತ್ತಾರೆ. "ನನ್ನ ನೆರಳಲ್ಲೇ ಕೂತು ನನ್ನ ಕುತ್ತಿಗೆ ಕುಯ್ದಿರಿ," ಎಂದು ಹಾತಿಮ್‌ಭಾಯಿ ಕಂಕುಬೆನ್‌ಗೆ ಬೆನ್ನು ತಿರುಗಿಸಿ ಕೂರುತ್ತಾರೆ. ಕಂಕುಬೆನ್ ಮುಂದಿನ ವಾಚನ್ನು ಕೈಗೆ ತೆಗೆದುಕೊಳ್ಳುತ್ತಾರೆ.

ಒಂದು ಗಂಟೆ ಹೀಗೇ ಕಳೆಯುತ್ತದೆ. ಆಮೇಲೆ ಹಾತಿಮ್‌ಭಾಯಿ ಎದ್ದು ಬಂದು ತಮ್ಮ ಇಡೀ ತಟ್ಟೆಯನ್ನು ಮಣೆಯ ಮುಂದೆ ಇಡುತ್ತಾರೆ. ಇಪ್ಪತ್ತಾರು ವಾಚು.

"ಇದರಲ್ಲಿ ನಿಮ್ಮ ಕೈಯದು ಯಾವ್ಯಾವುದು, ಈಗಲೇ ಹೇಳಿಬಿಡಿ. ಗಿರಾಕಿ ಮುಂದೆ ಇನ್ನೊಂದು ಸಲ ನನ್ನ ಮಾನ ಹೋಗೋದು ಬೇಡ. ನೀವು ಹೂಂ ಅಂದ ಉಳಿದವನ್ನ ನಾನೂ ಧೈರ್ಯವಾಗಿ ಮಾರ್ತೀನಿ."

ಕಂಕುಬೆನ್ ಒಂದೊಂದನ್ನೇ ಬಿಸಿಲಿಗೆ ಹಿಡಿದು ಮೂರನ್ನು ಬೇರೆ ಇಡುತ್ತಾರೆ. ಸೂರತ್ತಿನದು ಸೇರಿ ನಾಲ್ಕು. ಹಾತಿಮ್‌ಭಾಯಿ ರಟ್ಟಿನ ಚೀಟಿ ಹರಿದು 'ನಕಲಿ' ಎಂದು ಬರೆಯಲು ಹೊರಡುತ್ತಾರೆ. ಕಂಕುಬೆನ್ ಅವರ ಮಣಿಕಟ್ಟು ಹಿಡಿಯುತ್ತಾರೆ.

"ಹಾಗೆ ಬರೀಬೇಡಿ. ನಾನು ನಕಲಿ ಮಾಡಿಲ್ಲ, ಹೊಸದು ಮಾಡಿದ್ದೀನಿ. ಹಳೇದು ಅಂತ ಹೇಳಿ ಮಾರಿದ್ರೆ ಅದು ನಕಲಿ. ಮತ್ತೆ ಬರೆದದ್ದು ಅಂತ ಹೇಳಿ ಮಾರಿ, ಯಾರ ಮುಂದೆ ಬೇಕಾದ್ರೂ ನಿಲ್ತೀನಿ."

ಹಾತಿಮ್‌ಭಾಯಿ ಆ ಚೀಟಿಯನ್ನು ಕಿಸೆಗೆ ತುರುಕುತ್ತಾರೆ. ಆಮೇಲೆ ಬೇರೆ ರಟ್ಟು ಹರಿದು ಗುಜರಾತಿಯಲ್ಲಿ ಬರೆಯುತ್ತಾರೆ: 'ಡಯಲ್ ಮತ್ತೆ ಬರೆದದ್ದು. ಬರೆದವರು ಕಂಕುಬೆನ್ ಪಂಚಾಲ್, ಅಹಮದಾಬಾದ್.' ಸೂರತ್ತಿನ ವಾಚಿನ ಪಟ್ಟಿಗೆ ಅದನ್ನು ಸಿಕ್ಕಿಸಿ ತಟ್ಟೆಯ ನಡುವೆ ಇಡುತ್ತಾರೆ.

ಇಪ್ಪತ್ತೆರಡು ವರ್ಷ ಪರದೇಶದ ಕಂಪನಿಗಳ ಹೆಸರು ಬರೆದ ಕಂಕುಬೆನ್, ತಮ್ಮ ಹೆಸರನ್ನು ಒಂದು ವಾಚಿನ ಮೇಲೆ ನೋಡುತ್ತಿರುವುದು ಇದೇ ಮೊದಲು. ಚೀಟಿಯನ್ನು ಎತ್ತಿಕೊಂಡು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ.

"ಏನು ಅಕ್ಷರ ಹಾತಿಮ್‌ಭಾಯಿ ಇದು, ಕೋಳಿ ಕೆದರಿದ ಹಾಗೆ! ಕೊಡಿ ಇಲ್ಲಿ ಪೆನ್ನು. ನಾಲ್ಕೂ ಚೀಟಿ ನಾನೇ ಬರೀತೀನಿ."