ಸಮುದ್ರದಲ್ಲಿ ತಪ್ಪಿಸಿಕೊಂಡ ಕುರಿ

ಕೊರೊನಾ ಕಾಲದ ಎರಡನೆಯ ಬೇಸಿಗೆ. ಆಫೀಸು ಮುಚ್ಚಿದ್ದರಿಂದ ನಮ್ಮೂರು ಕೈಲಾಂಚದ ಮನೆಯ ಜಗುಲಿಯೇ ನನ್ನ ಆಫೀಸಾಗಿತ್ತು. ಕಡಲಿನಲ್ಲಿ ಲಂಗರು ಹಾಕಿ ನಿಲ್ಲಿಸಿದ ತೇಲುಯಂತ್ರಗಳು ಗಾಳಿ, ಅಲೆ, ನೀರಿನ ಬಿಸಿ ಅಳೆದು ಗಂಟೆಗೊಮ್ಮೆ ಉಪಗ್ರಹದ ಮೂಲಕ ಕಳಿಸುತ್ತವೆ. ಆ ಮಾಹಿತಿ ತಪ್ಪದೆ ಬರುತ್ತಿದೆಯೇ ಎಂದು ಕಾಯುವುದು ನನ್ನ ಕೆಲಸ. “ಬೆಟ್ಟದ ಕೆಳಗೆ ಕುಂತು ಸಮುದ್ರ ಕಾಯ್ತಾಳಂತೆ” ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ, ನನಗೂ ಒಮ್ಮೊಮ್ಮೆ ನಗು ಬರುತ್ತಿತ್ತು.

ಅಪ್ಪ ಕುರಿ ಸಾಕುವವರು. ಸಮುದ್ರ ಕಂಡವರಲ್ಲ. ಸಂಜೆ ಕುರಿಗಳೆಲ್ಲ ರೊಪ್ಪ ಸೇರಿ ಎಣಿಕೆ ಸರಿಹೋಗುವವರೆಗೆ ಅವರು ಊಟಕ್ಕೆ ಕೂರುವುದಿಲ್ಲ. ಅಮ್ಮ ಎಷ್ಟು ಬೈದರೂ ಆ ಹಟ ಬಿಟ್ಟಿಲ್ಲ.

ಒಂದು ದಿನ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಲಕ್ಷಣವಿತ್ತು. ಅದರ ದಾರಿಯಲ್ಲಿದ್ದುದು ನಮ್ಮದೊಂದೇ ಯಂತ್ರ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅದು ಸುಮ್ಮನಾಗಿಬಿಟ್ಟಿತು. ಎಚ್ಚರಿಕೆ ಕೊಡುವವರು ಅದನ್ನೇ ನಂಬಿ ಕೂತಿದ್ದರು. ಮೀನಿಗೆ ಹೋದ ದೋಣಿಗಳು ಇನ್ನೂ ನೀರಿನ ಮೇಲಿದ್ದವು. ನಾನು ಪರದೆಯ ಮುಂದಿನಿಂದ ಏಳಲಿಲ್ಲ.

ಮಧ್ಯಾಹ್ನ ಅಪ್ಪ ಪಕ್ಕದಲ್ಲಿ ಬಂದು ಕೂತರು. “ಯಾಕವ್ವ, ಮಕ ಬಾಡೋಗೈತೆ?”

“ಒಂದು ಯಂತ್ರ ಉಸಿರೇ ಎತ್ತುತಿಲ್ಲ ಅಪ್ಪ. ಕಿತ್ಕೊಂಡು ತೇಲೋಯ್ತೋ, ಮುಳುಗೋಯ್ತೋ.”

“ಯಾರಾದ್ರೂ ಹೋಗಿ ನೋಡಬಾರ್ದಾ?”

“ಬಿರುಗಾಳಿ ಏಳೋ ಹೊತ್ತಲ್ಲಿ ಅಷ್ಟು ದೂರ ಹಡಗು ಕಳ್ಸಲ್ಲ. ಕಾಯೋದೇಯ.”

“ಕಾಯಾಣ ಬುಡು,” ಎಂದರು.

ಸಂಜೆ ಕುರಿಗಳು ಬಂದವು. ಎಣಿಕೆ ಸರಿಹೋಯಿತು. ಅಮ್ಮ ಬಿಸಿ ಮುದ್ದೆ ಇಟ್ಟು ಕರೆದರು. ಅಪ್ಪ ಜಗುಲಿಯಿಂದ ಏಳಲಿಲ್ಲ.

“ಕುರಿ ಎಲ್ಲಾ ಬಂದ್ವಲ್ಲ, ಇನ್ನೇನು ಕಾಯ್ತಾ ಕುಂತಿದ್ದೀರಿ? ಮುದ್ದೆ ಆರೋಯ್ತದೆ,” ಎಂದು ಅಮ್ಮ ರೇಗಿದರು.

“ಮಗಳ್ದು ಒಂದು ಇನ್ನೂ ಬಂದಿಲ್ಲ ಕಣೆ,” ಎಂದರು ಅಪ್ಪ.

ಅಮ್ಮ ಮುದ್ದೆಯ ಮೇಲೆ ತಟ್ಟೆ ಮುಚ್ಚಿ, ತಾವೂ ಬಂದು ಕೂತರು.

ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು. ಗಾಳಿ ಏರಿತ್ತು, ಅಲೆ ಎದ್ದಿತ್ತು. ಯಂತ್ರ ಇದ್ದ ಜಾಗದಲ್ಲೇ ಇತ್ತು. ಹಗಲೆಲ್ಲ ಯಾಕೆ ಸುಮ್ಮನಿತ್ತೋ, ಇವತ್ತಿಗೂ ಗೊತ್ತಿಲ್ಲ. ಅದರ ಮಾಹಿತಿ ಹಿಡಿದು ಎಚ್ಚರಿಕೆ ಹೊರಟಿತು, ಬಿರುಗಾಳಿಗೆ ಮೊದಲೇ ದೋಣಿಗಳು ದಡ ಸೇರಿದವು.

“ಬಂತಪ್ಪ” ಎಂದೆ. “ಪೆಟ್ಟೇನಾರ ಆಗೈತಾ?” ಎಂದು ವಿಚಾರಿಸಿ, ಇಲ್ಲವೆಂದ ಮೇಲೆಯೇ ಅಪ್ಪ ಊಟಕ್ಕೆ ಕೈ ತೊಳೆದದ್ದು. ಆರಿದ ಮುದ್ದೆಯೂ ಅಷ್ಟು ರುಚಿ ಎಂದು ಅವತ್ತು ತಿಳಿಯಿತು.

ಈಗ ನಾನು ಆಫೀಸಿರುವ ಊರಿನಲ್ಲಿದ್ದೇನೆ. ಸಂಜೆ ಅಪ್ಪನ ಫೋನು ಬರುತ್ತದೆ. ಊಟ ಆಯ್ತಾ ಎಂದು ಕೇಳುವುದಿಲ್ಲ. “ನಿನ್ನವೆಲ್ಲ ಬಂದ್ವಾ?” ಎನ್ನುತ್ತಾರೆ. ಬಂದವು ಎಂದ ಮೇಲೆ ಅವರು ಅಲ್ಲಿ, ನಾನು ಇಲ್ಲಿ ಉಣ್ಣಲು ಕೂರುತ್ತೇವೆ.