ಅಗಲ ಟಾಯರಿನ ಉಪಕಾರ

"ವಕೀಲರ, ಗಾಡಿಗೆ ಸೈಕಲ್ ಗಾಲಿ ಹಾಕಿಸೀರೇನು?"

ಕೇಳಿದವನು ನನ್ನ ಷಡ್ಡಕ. ಕೇಳಿದ್ದು ಮದುವೆಯ ಹಂದರದಲ್ಲಿ, ನೂರು ಜನರ ಮುಂದೆ. ಆತ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ. ಕಾರು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಜನ ನಕ್ಕರು. ನಾನೂ ನಕ್ಕೆ. (ಹಂದರದಲ್ಲಿ ಎಷ್ಟೇ ಸಿಟ್ಟು ಬಂದರೂ ನಗಬೇಕು, ಅದು ನಮ್ಮ ಕಡೆಯ ರಿವಾಜು.) ಊಟಕ್ಕೆ ಕೂತಾಗ ಮಾತ್ರ ಹೋಳಿಗೆ ಬಿಟ್ಟು ಟಾಯರಿನ ಲೆಕ್ಕ ಹಾಕುತ್ತಿದ್ದೆ.

ನನ್ನ ಕಾರು ನಿಮಗೆ ಹೊಸದಲ್ಲ. ಈ ಅಂಕಣದಲ್ಲಿ ಅದನ್ನು ನಿಮ್ಮ ಕೈಯಿಂದ ಎಷ್ಟು ಸಲ ತಳ್ಳಿಸಿದ್ದೇನೆ! ಸಣ್ಣ ಕಾರು, ಸೆಕೆಂಡ್ ಹ್ಯಾಂಡ್, ಕಂಪನಿಯವರು ಕೊಟ್ಟ ಸಣ್ಣ ಗಾಲಿ. ನಾಲ್ಕೂ ಟಾಯರು ಸವೆದು ಬೋಳಾಗಿದ್ದವು. ಬದಲಿಸುವುದು ಹೇಗೂ ಇತ್ತು. ಅಂದಮೇಲೆ ಸ್ವಲ್ಪ ಅಗಲವಾದವನ್ನೇ ಹಾಕಿಸಿದರೆ ಏನು ತಪ್ಪು? ಗಾಡಿ ನೆಲ ಹಿಡಿದು ಕೂತಂತೆ ಕಾಣುತ್ತದೆ. ಕೋರ್ಟಿನ ಮುಂದೆ ನಿಂತಿದ್ದರೆ ಕಕ್ಷಿದಾರನಿಗೂ ಧೈರ್ಯ.

ನಮ್ಮ ಹುಬ್ಬಳ್ಳಿಯಲ್ಲಿ ಈಗ ಅಗಲದ್ದೇ ಕಾಲ ನೋಡಿ. ಅಂಗಡಿ ಒಂದು ಮೊಳವಿದ್ದರೆ ಬೋರ್ಡು ಮೂರು ಮೊಳ. ಮನೆ ಎರಡಂಕಣ, ಗೇಟು ಮಾತ್ರ ಲಾರಿ ಹೋಗುವಷ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರೆ ಯಾರಿಗೆ ಬೇಕು? ನನಗೂ ಬೇಕಿರಲಿಲ್ಲ.

ದೇಶಪಾಂಡೆ ನಗರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಮಕ್ತುಮಸಾಬ ಮಿಸ್ತ್ರಿಯ ಗ್ಯಾರೇಜು. ಟಾಯರಿಗೆ ಈಗ ಎಂಥ ಬರಗಾಲ ಎಂಬುದು ನಿಮಗೆ ಗೊತ್ತೇ ಇದೆ. ಆದರೂ ಆತ ಎಲ್ಲೆಲ್ಲೋ ಹುಡುಕಿ, ನನ್ನ ಗಾಲಿಯ ಅಳತೆಯವೇ ನಾಲ್ಕು ತಂದು, ನನಗಾಗಿ ಎತ್ತಿಟ್ಟಿದ್ದ. ನಾನೋ, ಷಡ್ಡಕನ ವಶೀಲಿಯಿಂದ ತಂದ ಅಗಲ ಟಾಯರುಗಳನ್ನು ಅವನ ಮುಂದೆ ಉರುಳಿಸಿದೆ. (ನಕ್ಕವನ ಕೈಯಿಂದಲೇ ಇಸಿದುಕೊಂಡೆ. ಮಾನ ಎನ್ನುವುದು ಇಷ್ಟು ಅಗ್ಗ.)

ಮಿಸ್ತ್ರಿ ಒಂದನ್ನು ಗಾಲಿಗೆ ಏರಿಸಿದ, ಗಾಳಿ ತುಂಬಿದ. ಆಮೇಲೆ ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದ. ಒಂದೇ ಬೆರಳು ಹೋಯಿತು, ಅದೂ ಒತ್ತಿದ ಮೇಲೆ.

"ಬ್ಯಾಡ್ರಿ ಸಾಹೇಬ್ರ. ಗಾಲಿ ಸಣ್ಣದೈತಿ, ಟಾಯರ್ ಹೊಟ್ಟಿ ಉಬ್ಬಸ್ತೈತಿ. ಇಲ್ಲಿ ಮೂರು ಬೆರಳ ಸಂದಿ ಬೇಕ್ರಿ."

"ನಾ ಓಡ್ಸೂದು ಡಾಂಬರ್ ರಸ್ತಾದಾಗ. ಅಲ್ಲೇನಾಕ್ಕೈತಿ?"

"ಅಲ್ಲೇನೂ ಆಗಂಗಿಲ್ರಿ. ಮಳಿಗಾಲದಾಗ ಎರಿ ಮಣ್ಣಿಗೆ ಇಳದ್ರ ಮಾತ್ರ, ಎರಿ ಹೊಲದಾಗ ಚಪ್ಪಲಿ ಹಾಕ್ಕೊಂಡ ನಡದಂಗ ಆಕ್ಕೈತ್ರಿ."

ಎರೆ ಸೀಮೆಯವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೆ? ಹಸಿ ಎರೆಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಾವೆಲ್ಲ ಬೆಳೆದವರು. ಹಾಕಿಕೊಂಡು ಇಳಿದರೆ ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಎರಡೆರಡು ಸೇರು ಮಣ್ಣು. ಕಪ್ಪು ಮಣ್ಣಿನ ಈ ಗುಣ ಬೆಂಗಳೂರಿನವನಿಗೆ ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ನನಗೆ ಗೊತ್ತಿತ್ತು. ಆದರೂ "ಹಾಕಪಾ" ಎಂದೆ.

ಇನ್ನು ಕಾಂಬಳೆ ಮಾಸ್ತರರ ವಿಷಯ. ಬೆಂಗೇರಿಯ ಶಾಲೆಯಲ್ಲಿದ್ದಾಗ ನನ್ನ ಮಕ್ಕಳಿಗೆ ಗಣಿತ ಕಲಿಸಿದವರು. ಈಗ ಶಿರಗುಪ್ಪಿಯಿಂದ ಎರಡು ಮೈಲು ಒಳಗೆ, ಗಾಡಿದಾರಿಯ ಕೊನೆಯಲ್ಲಿರುವ ಹಳ್ಳಿಗೆ ವರ್ಗವಾಗಿದೆ. ಅವರ ಮಗಳು ಸುಜಾತಾ. ಮನೆಯವರೆಲ್ಲ ಬೌದ್ಧರಾದಾಗ ಮಾಸ್ತರರು ತಾವೇ ಆರಿಸಿ ಇಟ್ಟ ಹೆಸರು ಅದು. ತಾಯಿ ಬೇಗ ಹೋದರು. ಇಬ್ಬರು ತಮ್ಮಂದಿರನ್ನು ಸಾಕುತ್ತಲೇ ಓದಿ, ತಡವಾಗಿ ಮ್ಯಾಟ್ರಿಕ್ ಮುಗಿಸಿದ ಹುಡುಗಿ. ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ್ದಳು. ಇಂಟರ್‌ವ್ಯೂ ಬಂತು. ವಯಸ್ಸಿನ ಮಿತಿಯ ಪ್ರಕಾರ ಆಕೆಗೆ ಇದೇ ಕೊನೆಯ ವರ್ಷ.

ಸುದ್ದಿ ಹೇಳಲು ಮಾಸ್ತರರು ಮನೆಗೆ ಬಂದಿದ್ದರು. ನಾನು ಕೂಡಲೇ ಎದೆ ಮುಂದೆ ಮಾಡಿದೆ.

"ಬಸ್ಸಿನ ಗೊಡವಿ ಯಾಕ್ರಿ ಮಾಸ್ತರ? ನಾ ಬರ್ತೇನಿ. ಧಾರವಾಡದಾಗ ಬಾಗಲಿಗೇ ಇಳಸ್ತೇನಿ."

"ನಿಮಗ್ಯಾಕ್ರಿ ತ್ರಾಸು? ನಸುಕಿನ್ಯಾಗ ಶಿರಗುಪ್ಪಿಗೆ ನಡಕೊಂತ ಬಂದು ಮೊದಲ್ನೇ ಬಸ್ ಹಿಡಿತೇವ್ರಿ."

"ತ್ರಾಸೇನ ಬಂತು? ಹೊಸಾ ಟಾಯರ್ ಹಾಕಸೇನಿ!"

ಯಾರು ಕೇಳಿದ್ದರು ನನ್ನನ್ನು? ಅವರ ಕಾಲು ಗಟ್ಟಿಯಿದ್ದವು, ಬಸ್ಸಿನ ವೇಳೆ ಗೊತ್ತಿತ್ತು, ಎಲ್ಲ ಲೆಕ್ಕಾಚಾರ ಸರಿಯಾಗಿತ್ತು. ನಡುವೆ ನನ್ನ ಉಪಕಾರ ಬಂತು. ನಿಜ ಹೇಳಿಬಿಡುತ್ತೇನೆ: ಆ ವಾರದ ಅಂಕಣವನ್ನು ನಾನು ಆಗಲೇ ಮನಸ್ಸಿನಲ್ಲಿ ಬರೆದಾಗಿತ್ತು. ಹಳ್ಳಿಯ ಮಾಸ್ತರರ ಮಗಳು, ವಕೀಲರ ಕಾರು, ಕಾಲೇಜಿನ ಬಾಗಿಲಲ್ಲಿ ಇಳಿಯುವ ಹುಡುಗಿ. ನೀವು ಓದಿ ಕಣ್ಣೊರೆಸಿಕೊಳ್ಳುತ್ತಿದ್ದಿರಿ.

ಇಂಟರ್‌ವ್ಯೂ ಹನ್ನೊಂದಕ್ಕೆ. ನಾನು ಏಳೂವರೆಗೇ ಹಳ್ಳಿ ಮುಟ್ಟಿದೆ. ಗಾಡಿದಾರಿ ಒಣಗಿ ಗಟ್ಟಿಯಾಗಿತ್ತು. ಹೊರಟುಬಿಡಬೇಕಿತ್ತು. ಆದರೆ ಸುತ್ತಲೂ ಜನ ಸೇರಿ ಕಾರು ನೋಡುತ್ತಿದ್ದರು. ಒಬ್ಬ ಮುದುಕ ಟಾಯರು ತಟ್ಟಿ "ಜಬರದಸ್ತ ಅದಾವ್ರಿ" ಎಂದ. ಇಷ್ಟು ಸಾಕಲ್ಲ? ಚಹಾ ಆಯಿತು, ಚುರುಮುರಿ ಸೂಸಲ ಆಯಿತು, ಶಾಲೆಯ ಅಂಗಳದಲ್ಲಿ ಕಾರಿನ ಒಂದು ರೌಂಡೂ ಆಯಿತು. ಅಷ್ಟರಲ್ಲಿ ಮಳೆ ಬಂತು. ಅರ್ಧ ತಾಸು ಒಂದೇ ಸವನೆ ಸುರಿದು ನಿಂತಿತು.

ಮಾಸ್ತರರು ಕೈಗಡಿಯಾರ ನೋಡಿಕೊಂಡರು. "ಈಗ ನಡದ್ರೂ ಒಂಬತ್ತರ ಬಸ್ ಸಿಗತೈತ್ರಿ."

ಸುಜಾತಾ ಆಗಲೇ ಚಪ್ಪಲಿ ಕೈಗೆ ತೆಗೆದುಕೊಂಡಿದ್ದಳು.

"ಕೂಡ್ರಿ, ಕೂಡ್ರಿ" ಎಂದೆ ನಾನು. ಅವರು ನನ್ನ ಮಾತು ಮೀರುವ ಜನವಲ್ಲ. ಕೂತರು.

ಅರ್ಧ ಮೈಲು ಹೋಗಿರಬೇಕು. ಮೊದಲು ಸ್ಟಿಯರಿಂಗ್ ಭಾರವಾಯಿತು. ಆಮೇಲೆ ರಬ್ಬರು ಸುಟ್ಟ ವಾಸನೆ. ಆಮೇಲೆ ಗಾಲಿ ತಿರುಗುವುದೇ ನಿಂತು, ಕಾರು ಹೊಲದಲ್ಲಿ ಕೊರಡು ಎಳೆದಂತೆ ಜಾರಿ ಅಡ್ಡ ನಿಂತಿತು. ಇಳಿದು ನೋಡಿದರೆ ನಾಲ್ಕೂ ಕಡೆ ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಎರೆ ಮಣ್ಣು ಕಣಕದ ಹಾಗೆ ಗಿಡಿದುಕೊಂಡಿತ್ತು. ಮಿಸ್ತ್ರಿಯ ಒಂದು ಬೆರಳಲ್ಲ, ಸೂಜಿ ಹೋಗಲೂ ಜಾಗವಿರಲಿಲ್ಲ.

ನಾನು ಗಾಡಿಯನ್ನು ಬೈಯುತ್ತ ನಿಂತೆ. ಸುಜಾತಾ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಮಣ್ಣು ಬಗೆಯಲು ಕೂತಳು. ಅಪ್ಪ ಆ ಕಡೆ, ಮಗಳು ಈ ಕಡೆ. ಬಗೆದದ್ದಾಯಿತು, ಹತ್ತು ಮಾರು ಹೋದದ್ದಾಯಿತು, ಮತ್ತೆ ಗಿಡಿಯಿತು. ಹೀಗೆ ಮೂರು ಸಲ. ಇಂಟರ್‌ವ್ಯೂಗೆಂದು ಇಸ್ತ್ರಿ ಮಾಡಿದ ಸೀರೆ ಮೊಣಕಾಲಿನವರೆಗೂ ಕಪ್ಪಾಯಿತು. ಆಗಲೂ ನಾನು "ಇನ್ನೊಮ್ಮೆ ನೋಡೂಣು" ಎನ್ನುತ್ತಲೇ ಇದ್ದೆ. ಆಗಲಾದರೂ "ನೀವು ನಡೀರಿ" ಎನ್ನಬಾರದಿತ್ತೆ? ಹಾಗೆ ಅಂದರೆ ಟಾಯರು ಸೋತಂತೆ ಆಗುತ್ತಿತ್ತು.

ಶಿರಗುಪ್ಪಿ ಕಡೆಯಿಂದ ಒಂದು ಎತ್ತಿನ ಚಕ್ಕಡಿ ಬಂತು. ಕಬ್ಬಿಣದ ಪಟ್ಟಿ ಬಡಿದ ತೆಳು ಗಾಲಿ ಕೆಸರನ್ನು ಕೊಯ್ದುಕೊಂಡು ಬರುತ್ತಿತ್ತು. ಗಾಡಿಯವನು ನಮ್ಮನ್ನು ನೋಡಿ ಹೇಳಿದ್ದು ಇಷ್ಟೇ: "ಬಸ್ಸಿಗೇನ್ರಿ? ಅದು ಹ್ವಾತಲ್ರಿ."

ಅಪ್ಪ ಮಗಳು ನಡೆದೇ ಹೋದರು. ಮುಂದಿನ ಬಸ್ಸು ಹಿಡಿದು ಧಾರವಾಡ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಪಟ್ಟಿ ಮುಚ್ಚಿತ್ತು. ಗುಮಾಸ್ತ ಆಕೆಯ ಸೀರೆ ನೋಡಿ, "ಎಲ್ಲಾ ಮುಗೀತವಾ" ಎಂದನಂತೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು. ಉಂಡವಳು ಆಕೆ.

ಇಷ್ಟಕ್ಕೇ ಮುಗಿದಿದ್ದರೆ ಗಾಡಿ ಕೈಕೊಟ್ಟ ಕಥೆಯಾಗುತ್ತಿತ್ತು. ಮುಗಿಯಲಿಲ್ಲ. ಮರುದಿನ ನಾನು ಆಯ್ಕೆ ಸಮಿತಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಚೆಂದದ ಪತ್ರ. ವಿಪರೀತ ಮಳೆಯ ಕಾರಣ ಅಭ್ಯರ್ಥಿಗೆ ವೇಳೆಗೆ ಸರಿಯಾಗಿ ಬರಲಾಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಕರೆಯಬೇಕು. ಕಾರಿನ ಹೆಸರಿಲ್ಲ, ಟಾಯರಿನ ಹೆಸರಿಲ್ಲ, ನನ್ನ ಹೆಸರು ಸಹಿಯಲ್ಲಿ ಮಾತ್ರ. ಇಪ್ಪತ್ತು ವರ್ಷ ವಕೀಲಿ ಮಾಡಿದ ಕೈ, ತಪ್ಪೊಪ್ಪದ ವಾಕ್ಯವನ್ನು ತಾನಾಗಿಯೇ ಬರೆಯುತ್ತದೆ. ಒಂದು ಪ್ರತಿಯನ್ನು ಮಾಸ್ತರರಿಗೂ ಕಳಿಸಿದೆ, ನನ್ನ ಶ್ರಮ ಅವರಿಗೆ ತಿಳಿಯಲಿ ಎಂದು.

ಉತ್ತರ ಬಂತು: ಅದೇ ಸೀಮೆಯ ಇತರ ಅಭ್ಯರ್ಥಿಗಳು ವೇಳೆಗೆ ಸರಿಯಾಗಿ ಹಾಜರಿದ್ದರು, ಕಾರಣ ಒಪ್ಪತಕ್ಕದ್ದಲ್ಲ.

ಮೊನ್ನೆ ಧಾರವಾಡದಲ್ಲಿ ಸಮಿತಿಯ ಹಿರಿಯರೊಬ್ಬರು ಸಿಕ್ಕರು. ಪರಿಚಯದವರು. ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ. ನಡೆದದ್ದನ್ನೂ ಹೇಳಿದೆ. ಅವರು ನನ್ನನ್ನೇ ತಿರುಗಿ ಕೇಳಿದರು.

"ಇದನ್ನ ಯಾಕ ಬರೀಲಿಲ್ಲ ನೀವು? ದಾರ್ಯಾಗ ಗಾಡಿ ಸಿಕ್ಕೊಂಡಿತ್ತು, ತಪ್ಪು ನಂದು ಅಂತ ಒಂದು ಸಾಲು ಬರದಿದ್ರ ಕರೀಲಿಕ್ಕೆ ದಾರಿ ಇತ್ತು. ಅದಕ್ಕ ರೂಲ್ಸ್ ಅದ. ಮಳಿ ಎಲ್ಲಾರ ಮ್ಯಾಲೂ ಬಿದ್ದದ ವಕೀಲರ."

"ಈಗ ಬರದ್ರ?"

"ಈಗ ಸೀಟು ತುಂಬ್ಯಾವ."

ಭಾನುವಾರ ಬಸ್ಸು ಹಿಡಿದು, ಶಿರಗುಪ್ಪಿಯಲ್ಲಿ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಹೋದೆ. ಎಲ್ಲ ಹೇಳಿದೆ. ಮಾಸ್ತರರು "ಇರ್ಲಿ ಬಿಡ್ರಿ, ನಿಮ್ಮ ಮನಸ್ಸು ಛಲೋ ಇತ್ತು" ಎಂದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸುಜಾತಾ ಒಳಗಿನಿಂದ ನನ್ನ ಪತ್ರದ ಪ್ರತಿ ತಂದು ಮುಂದಿಟ್ಟಳು. ಸಿಟ್ಟಿಲ್ಲದ ದನಿ. ಅದೇ ನನಗೆ ಹೆಚ್ಚು ಉರಿಯಿತು.

"ಇಂಗ್ಲಿಷ್ ಭಾಳ ಛಲೋ ಐತ್ರಿ. ಆದ್ರ ಬರಿಯೂಕಿಂತ ಮೊದಲ ನನ್ನ ಒಂದ ಮಾತು ಕೇಳಬೇಕಿತ್ತಲ್ರಿ? ನಾ ಅಲ್ಲೇ ಇದ್ದೆನಲ್ರಿ."

ಚಹಾ ಕುಡಿದು ಎದ್ದು ಬಂದೆ. ಬಂದವನೇ ಕೂತು ಈ ಅಂಕಣ ಬರೆದೆ.

ಇದನ್ನೂ ಆಕೆಯನ್ನು ಕೇಳದೆಯೇ ಬರೆದಿದ್ದೇನೆ.